ಮನೆ ಬದಲಿಸಿದ ಚಿತ್ರಗಳು

ರಾಜಾನುಕುಂಟೆಯಂಥ ಊರಿನಲ್ಲಿಯೂ ಇಂದು ಅನೇಕ ಮನೆಗಳ ಕಪಾಟಿನಲ್ಲಿ ಫೋಟೋ ಆಲ್ಬಮ್ಮಿನ ಸ್ಥಾನವನ್ನು ಅಂಗೈಯಗಲದ ಹಾರ್ಡ್ ಡಿಸ್ಕು ಆಕ್ರಮಿಸಿದೆ. ಮಕ್ಕಳ ಮದುವೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ತೀರಿಹೋದ ಹಿರಿಯರ ಧ್ವನಿ ಎಲ್ಲವೂ ಅದರೊಳಗೆ ಅಡಗಿವೆ. ಡಿಸ್ಕು ತುಂಬಿತೆಂದು ಮನೆಯವರು ಅವನ್ನೆಲ್ಲ ದೊಡ್ಡದೊಂದು ಡಿಸ್ಕಿಗೆ ಸಾಗಿಸುತ್ತಾರೆ. ಮರುದಿನ ಚಿತ್ರಗಳ ತಂತ್ರಾಂಶವನ್ನು ತೆರೆದರೆ ಎಲ್ಲೆಲ್ಲಿಯೂ ಪ್ರಶ್ನಾರ್ಥಕ ಚಿಹ್ನೆಗಳೇ!

ಚಿತ್ರಗಳೇನೂ ನಾಶವಾಗಿಲ್ಲ. ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನವು ಚಿತ್ರವನ್ನು ತಮ್ಮಲ್ಲಿಟ್ಟುಕೊಳ್ಳದೆ ಅದರ ವಿಳಾಸವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತವೆ: ಇಂಥ ಅಕ್ಷರದ ಡ್ರೈವು, ಇಂಥ ಫೋಲ್ಡರು, ಇಂಥ ಫೈಲು. ವಿಂಡೋಸ್ ಯಂತ್ರದಲ್ಲಿ 'ಇ' ಅಕ್ಷರದ ಡ್ರೈವು ಹೋಗಿ 'ಎಫ್' ಬಂದರೆ ಸಾಕು, ಇಪ್ಪತ್ತು ಸಾವಿರ ವಿಳಾಸಗಳು ಒಮ್ಮೆಗೇ ಸುಳ್ಳಾಗುತ್ತವೆ.

ನಿಜವಾದ ಅಪಾಯ ಒದಗುವುದು ಇದಾದ ಬಳಿಕ. ಗಾಬರಿಗೊಂಡವರು ಪಟ್ಟಿಯನ್ನೆಲ್ಲ ಅಳಿಸಿ, ಚಿತ್ರಗಳನ್ನು ಹೊಸದಾಗಿ ಸೇರಿಸಿಬಿಡುತ್ತಾರೆ. ಆಗ ಚಿತ್ರಗಳು ಬರುತ್ತವೆ, ಆದರೆ ಪಟ್ಟಿಯಲ್ಲಿ ಮಾತ್ರ ಬರೆದಿದ್ದ ಹೆಸರುಗಳು ಬರುವುದಿಲ್ಲ. ಎಡಗಡೆ ನಿಂತ ಹೆಂಗಸು ಯಾರ ಸೋದರತ್ತೆಯೆಂಬುದನ್ನು ಅಜ್ಜಿಯೊಬ್ಬರು ಹೇಳಿ ಬರೆಸಿದ್ದರೆ, ಆ ಮಾತನ್ನು ಮತ್ತೆ ಕೇಳಲು ಅಜ್ಜಿ ಇರಬೇಕಲ್ಲವೆ?

ಪರಿಹಾರವೇನೋ ಸುಲಭ. ಹಳೆಯ ಡಿಸ್ಕನ್ನು ಬೇರ್ಪಡಿಸಿ ಹೊಸದಕ್ಕೆ ಅದೇ ಅಕ್ಷರವನ್ನು ಕೊಟ್ಟರೆ, ಒಳಗಿನ ಫೋಲ್ಡರುಗಳನ್ನು ಕದಲಿಸದಿದ್ದ ಪಕ್ಷದಲ್ಲಿ, ತಂತ್ರಾಂಶಕ್ಕೆ ವ್ಯತ್ಯಾಸವೇ ತಿಳಿಯದು. ಲೈಟ್‌ರೂಮ್‌ನಲ್ಲಿ ಕಾಣೆಯಾದ ಮೇಲಿನ ಫೋಲ್ಡರಿನ ಹೊಸ ಸ್ಥಳವನ್ನೊಮ್ಮೆ ತೋರಿಸಿದರೆ ಒಳಗಿನವೂ ಹಿಂಬಾಲಿಸುತ್ತವೆ. ಹಾಡುಗಳ ಎಂ3ಯು ಪಟ್ಟಿಯಂತೂ ಬರಿಯ ಅಕ್ಷರಗಳ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದು ಹಳೆಯ ವಿಳಾಸವನ್ನು ತಿದ್ದಬಹುದು. ಸಾಗಣೆಯ ಸಮಯದಲ್ಲಿಯೇ ಫೋಲ್ಡರುಗಳನ್ನು ಅಂದಗೊಳಿಸುವ ಹುಮ್ಮಸ್ಸನ್ನು ಮಾತ್ರ ಹತ್ತಿಕ್ಕಬೇಕು.

ಆದರೆ ಈ ಶ್ರಮವನ್ನು ಬಳಸುವವರೇ ಏಕೆ ಹೊರಬೇಕು? ವಸ್ತುವನ್ನು ಅದು ಇರುವ ಜಾಗದಿಂದಲೇ ಗುರುತಿಸುವುದು ನಮ್ಮ ಅಭಿಪ್ರಾಯದಲ್ಲಿ ತಂತ್ರಾಂಶ ತಯಾರಕರ ಸೋಮಾರಿತನ. ಎಸ್‌ಎಚ್‌ಎ-256 ಎಂಬ ಗಣಿತಕ್ರಮವು ಎಷ್ಟೇ ದೊಡ್ಡ ಫೈಲಿನಿಂದಲೂ 256 ಬಿಟ್ಟುಗಳ ಒಂದು ಸಂಖ್ಯೆಯನ್ನು ತೆಗೆದುಕೊಡುತ್ತದೆ. ಅದು ಫೈಲಿನ ಬೆರಳಚ್ಚೆಂದೇ ಹೇಳಬಹುದು. ಫೈಲು ಯಾವ ಡಿಸ್ಕಿಗೆ ಹೋದರೂ ಅದು ಬದಲಾಗದು. ಚಿತ್ರದ ಫೈಲಿನೊಳಗೇ ಹೆಸರು ಬರೆದರೆ ಬೆರಳಚ್ಚೂ ಬೇರೆಯಾಗುವುದೆಂಬ ಆಕ್ಷೇಪ ನ್ಯಾಯವಾದುದೇ; ಚಿತ್ರಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಆ ತೊಡಕೂ ನೀಗುತ್ತದೆ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶವು ಫೈಲಿನ ಒಳಗನ್ನು ನೋಡಿ ಗುರುತಿಸುವ ಕ್ರಮವನ್ನು ಆಗಲೇ ಅನುಸರಿಸುತ್ತಿದೆ. ಹಣ ತೆತ್ತು ಕೊಳ್ಳುವ ತಂತ್ರಾಂಶಗಳಿಂದ ಇಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ.

ದೊಡ್ಡ ಪ್ರಮಾಣದಲ್ಲಿಯೂ ಇದೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿದ್ದ ಭಾರತೀಯ ಡಿಜಿಟಲ್ ಗ್ರಂಥಾಲಯದ ಜಾಲತಾಣ ಮುಚ್ಚಿಹೋದಾಗ, ಅದನ್ನು ನೆಚ್ಚಿ ಬರೆದಿಟ್ಟ ಕೊಂಡಿಗಳೆಲ್ಲ ಸತ್ತವು. ಅಲ್ಲಿನ ಪುಸ್ತಕಗಳ ಪ್ರತಿಗಳು, ಕನ್ನಡದವೂ ಸೇರಿ, ಲಕ್ಷಗಟ್ಟಲೆ ಇಂಟರ್‌ನೆಟ್ ಆರ್ಕೈವಿನಲ್ಲಿ ಉಳಿದಿವೆ. ಸೇರಿಸಿದವರು ಜಾಣರು: ಹೊಸ ಹೆಸರುಗಳಲ್ಲಿ 'ಡಿಎಲ್‌ಐ' ಎಂಬ ಗುರುತನ್ನೂ ಹಳೆಯ ಕ್ರಮಾಂಕವನ್ನೂ ಹಾಗೆಯೇ ಇರಿಸಿದರು. ಆ ಕ್ರಮಾಂಕವನ್ನು ಬರೆದಿಟ್ಟುಕೊಂಡಿದ್ದ ವಾಚಕರಿಗೆ ಇಂದಿಗೂ ಪುಸ್ತಕ ಸಿಕ್ಕುತ್ತದೆ.