ಕಾರವಾರ ‘ಕರವರ’ ಆದರೆ ತಪ್ಪು ಕನ್ನಡದ್ದಲ್ಲ

ವೆಬ್ ಫ್ರೇಮ್‌ವರ್ಕ್‌ಗೆ ಕನ್ನಡ ತಲೆಬರಹ ಕೊಟ್ಟೆ, ಎರರ್ ಬಂತು ಅಂತ ಬಲ್ಲವರನ್ನು ಕೇಳಿ ನೋಡಿ. ಸಾಮಾನ್ಯವಾಗಿ ಸಿಗುವ ಉತ್ತರ: "ಯುಆರ್‌ಎಲ್‌ಗೆ ಇಂಗ್ಲಿಷ್ ಹಾಕ್ಕೊಳ್ಳಿ, ಸರಿ ಹೋಗುತ್ತೆ." ನನ್ನ ತಕರಾರು ಈ ಉತ್ತರದ ಮೇಲೆಯೇ. ಇದು ದೋಷ ಹುಡುಕುವುದಲ್ಲ ಸ್ವಾಮಿ, ದೋಷಕ್ಕೆ ಚಾದರ ಹೊದಿಸುವುದು.

ಜಾಂಗೋವನ್ನೇ ತಗೊಳ್ಳಿ. ನಮ್ಮ ಕಡೆಯ ಊರಿಗೊಂದು ಪುಟವಿರುವ ತಾಣ ಕಟ್ಟುತ್ತಿದ್ದೀರಿ ಅನ್ನೋಣ. ತಲೆಬರಹದಿಂದ ವಿಳಾಸದ ತುಣುಕು, ಅಂದರೆ ಸ್ಲಗ್, ಮಾಡಿಕೊಡಲು ಅದರಲ್ಲೇ ಸ್ಲಗಿಫೈ ಎಂಬ ಫಂಕ್ಷನ್ ಇದೆ. ಅದಕ್ಕೆ ‘ಕಾರವಾರ’ ಕೊಟ್ಟರೆ ವಾಪಸ್ ಬರುವುದು ಖಾಲಿ! ಖಾಲಿ ಸ್ಲಗ್‌ನಿಂದ ಕೊಂಡಿ ಕಟ್ಟಲು ಹೋದರೆ ‘ನೋ ರಿವರ್ಸ್ ಮ್ಯಾಚ್’ ಎರರ್. ರೈಲ್ಸ್‌ನ ಪ್ಯಾರಾಮೀಟರೈಸ್ ಕೂಡ ಇಲ್ಲಿ ಖಾಲಿ ಕೈ.

2015ರ ಡಿಸೆಂಬರ್‌ನಲ್ಲಿ ಬಂದ ಜಾಂಗೋ 1.9ರಲ್ಲಿ ‘ಅಲೋ ಯೂನಿಕೋಡ್’ ಆಯ್ಕೆ ಸೇರಿತು. ಅದನ್ನು ಆನ್ ಮಾಡಿದರೆ ಕಾರವಾರ ‘ಕರವರ’, ಅಂಕೋಲಾ ‘ಅಕಲ’! 1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ‘ಉಪಪನ-ಸತಯಗರಹ’!!

ಕಾರಣ ಸರಳ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ‘ಪದದ ಅಕ್ಷರ’ ಅಂದರೆ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ. ಕಾಗುಣಿತದ ಚಿಹ್ನೆ, ಅನುಸ್ವಾರ, ವಿರಾಮ ಇವೆಲ್ಲ ಯೂನಿಕೋಡ್‌ನಲ್ಲಿ ‘ಮಾರ್ಕ್’ ವರ್ಗದವು. ಸ್ಲಗಿಫೈ ಅವನ್ನು ಕಸದಂತೆ ಗುಡಿಸಿ ಹಾಕುತ್ತದೆ. ಕುರಿ, ಕೇರಿ, ಕಾರು ಮೂರೂ ‘ಕರ’ ಆಗುತ್ತವೆ. ಸ್ಲಗ್‌ಗೆ ಯುನೀಕ್ ಅಂತ ಹಾಕಿದ್ದರೆ ಎರಡನೆಯದನ್ನು ಸೇವ್ ಮಾಡುವಾಗಲೇ ‘ಇಂಟೆಗ್ರಿಟಿ ಎರರ್’. ಹೊಸಬ ಡೇಟಾಬೇಸ್ ತಡಕಾಡುತ್ತಾ ಕೂರುತ್ತಾನೆ, ತಪ್ಪಿರುವುದು ಇನ್ನೆಲ್ಲೋ. ಈ ಬಗ್ಗೆ ಪೈಥಾನ್ ಬಳಗಕ್ಕೆ 2007ರಲ್ಲೇ ದೂರು ಹೋಗಿದೆ. ಪೈಥಾನ್‌ನ ನಿಯಮ ಮಾತ್ರ ಇನ್ನೂ ಅದೇ.

"ಕನ್ನಡ ವಿಳಾಸ ಕಾಪಿ ಮಾಡಿದರೆ ಶೇಕಡಾ ಚಿಹ್ನೆಗಳ ಸರಮಾಲೆ ಆಗುತ್ತಲ್ಲ?" ಅನ್ನುತ್ತೀರಿ. ನಿಜ. ‘ಕಾರವಾರ’ ಒಂದಕ್ಕೇ 54 ಅಕ್ಷರ ಬೇಕು. ಅದು ಬೇಡವಾದರೆ ವಿಳಾಸದಲ್ಲಿ ಬರೀ ಐಡಿ ನಂಬರ್ ಇಡಿ, ಯಾರೂ ಬೇಡ ಅನ್ನುವುದಿಲ್ಲ. ಕನ್ನಡವನ್ನು ಒಪ್ಪುತ್ತೇನೆ ಎಂದು ಹೇಳಿ ಅರ್ಧ ನುಂಗುವುದಕ್ಕಿಂತ ಅದು ಮೇಲು.

ಕನ್ನಡ ಸ್ಲಗ್ಗೇ ಬೇಕು ಅನ್ನುವವರಿಗೆ ದಾರಿ ಇದೆ. ಅಕ್ಷರ, ಮಾರ್ಕ್, ಅಂಕಿ ಮೂರನ್ನೂ ಉಳಿಸಿಕೊಳ್ಳುವ ಸ್ವಂತ ಫಂಕ್ಷನ್ ಬರೆಯಿರಿ, ಯೂನಿಕೋಡ್‌ಡೇಟಾ ಮಾಡ್ಯೂಲ್ ಸಾಕು, ನಾಲ್ಕೈದು ಸಾಲಿನ ಕೆಲಸ. ಮಾಡೆಲ್‌ನಲ್ಲಿ ಸ್ಲಗ್‌ಫೀಲ್ಡ್ ಬದಲು ಚಾರ್‌ಫೀಲ್ಡ್ ಇಡಿ, ಇಲ್ಲವಾದರೆ ಫಾರ್ಮ್ ‘ಕಾರವಾರ’ವನ್ನು ತಿರಸ್ಕರಿಸುತ್ತದೆ. ಯುಆರ್‌ಎಲ್ ಪ್ಯಾಟರ್ನ್‌ನಲ್ಲಿ ‘ಸ್ಲಗ್’ ಬದಲು ‘ಎಸ್‌ಟಿಆರ್’ ಹಾಕಿ, ಯಾಕೆಂದರೆ ಮೊದಲನೆಯದು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಲಿಪಿ ಒಪ್ಪುವುದಿಲ್ಲ.

ಗೆಳೆಯರೇ, ಬ್ಲಾಗರ್‌ನಲ್ಲಿ ಕನ್ನಡ ತಲೆಬರಹ ಕೊಟ್ಟಾಗಲೆಲ್ಲ ವಿಳಾಸ ‘ಬ್ಲಾಗ್-ಪೋಸ್ಟ್’ ಅಂತ ಆಗುವುದನ್ನು ನಾವೆಲ್ಲ ನೋಡಿ ಸುಮ್ಮನಿದ್ದವರೇ. ಬಳಸುವವರು ಸುಮ್ಮನಿರಬಹುದು, ಕಟ್ಟುವವರೂ ಸುಮ್ಮನಿದ್ದರೆ ಹೇಗೆ? ಇನ್ನು ಮೇಲೆ ಟೆಸ್ಟ್ ಬರೆಯುವಾಗ ‘ಹಲೋ ವರ್ಲ್ಡ್’ ಪಕ್ಕದಲ್ಲಿ ‘ಅಂಕೋಲಾ’ ಕೂಡ ಇರಲಿ. ‘ಅಕಲ’ ಬಂದರೆ ಟೆಸ್ಟ್ ಫೇಲ್. ಅಕಲು ಇಲ್ಲದ್ದು ಕೋಡಿಗೆ, ಕನ್ನಡಕ್ಕಲ್ಲ.

ಏನಂತೀರಿ?