ಸ್ಟೀರಿಂಗ್ ಭಾರವಾದರೆ ಸೆನ್ಸರಿನದೇ ತಪ್ಪೇ?

ನಿನ್ನೆಯವರೆಗೆ ಒಂದೇ ಕೈಗೆ ತಿರುಗುತ್ತಿದ್ದ ಸ್ಟೀರಿಂಗ್, ಬೆಳಿಗ್ಗೆ ಗೇಟಿನಿಂದ ಕಾರು ಹೊರತೆಗೆಯುವಾಗ ಇದ್ದಕ್ಕಿದ್ದಂತೆ ಬಿಗಿಯುತ್ತದೆ. ಮೀಟರ್ ಬೋರ್ಡಿನಲ್ಲಿ ಸ್ಟೀರಿಂಗ್ ಚಿತ್ರದ ದೀಪ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ದೀಪ ಆರಿ ಎಲ್ಲವೂ ಸರಿ. ಎರಡು ದಿನ ಕಳೆದರೆ ಮತ್ತೆ ಅದೇ ಪಾಡು. ಗ್ಯಾರೇಜಿಗೆ ಒಯ್ದರೆ ‘ಸೆನ್ಸರ್ ಹೋಗಿದೆ, ಇಡೀ ಕಾಲಮ್ ಬದಲಿಸಬೇಕು’ ಎಂಬ ಉತ್ತರ ಬರುತ್ತದೆ. ಜೊತೆಗೆ ಎದೆ ಝಲ್ಲೆನಿಸುವ ಅಂದಾಜು ಬಿಲ್ಲು. ಆ ಮಾತು ನಿಜವಿರಬಹುದು. ಆದರೆ ಹಣ ಎಣಿಸುವ ಮುನ್ನ ಕೆಲವು ಪರೀಕ್ಷೆಗಳು ನಡೆಯಲೇಬೇಕು.

ಕಾರಿಗೆ ಪವರ್ ಸ್ಟೀರಿಂಗ್ ಹೊಸದಲ್ಲ. 1951ರಲ್ಲೇ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಅದು ಮಾರಾಟಕ್ಕೆ ಬಂತು. ಆಗ ಕೆಲಸ ಮಾಡುತ್ತಿದ್ದುದು ಎಣ್ಣೆಯ ಒತ್ತಡ. 1988ರಲ್ಲಿ ಜಪಾನಿನ ಸುಜುಕಿ ತನ್ನ ಸೆರ್ವೋ ಎಂಬ ಪುಟ್ಟ ಕಾರಿಗೆ ವಿದ್ಯುತ್ ಮೋಟಾರಿನ ಸ್ಟೀರಿಂಗ್ ಅಳವಡಿಸಿತು. ಇಂದು ನಮ್ಮ ರಸ್ತೆಗಳ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಈ ಬಗೆಯೇ.

ತಿರುಚುವ ಸರಳು

ಸ್ಟೀರಿಂಗ್ ದಂಡದ ಮಧ್ಯೆ ತೆಳುವಾದ ಒಂದು ಉಕ್ಕಿನ ಸರಳಿದೆ. ಚಾಲಕ ಚಕ್ರ ತಿರುಗಿಸಿದಾಗ, ನೆಲಕ್ಕೆ ಕಚ್ಚಿಕೊಂಡ ಟೈರುಗಳು ಒಡನೆ ತಿರುಗುವುದಿಲ್ಲ. ಸರಳು ಕೊಂಚ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಅಳೆಯುವುದೇ ಟಾರ್ಕ್ ಸೆನ್ಸರ್. ಚಾಲಕ ಯಾವ ಕಡೆಗೆ, ಎಷ್ಟು ಬಲ ಹಾಕುತ್ತಿದ್ದಾನೆಂದು ಅದು ಕಂಟ್ರೋಲ್ ಯೂನಿಟ್‌ಗೆ ತಿಳಿಸುತ್ತದೆ. ಅದಕ್ಕೆ ತಕ್ಕಂತೆ ಮೋಟಾರು ಕೈಜೋಡಿಸುತ್ತದೆ.

ಸೆನ್ಸರ್ ಸುಳ್ಳು ಹೇಳಿದರೆ ಕಾರು ತಾನಾಗಿ ಒಂದು ಕಡೆಗೆ ಎಳೆಯಬಹುದು. ಆದ್ದರಿಂದಲೇ ಅದು ಸಾಮಾನ್ಯವಾಗಿ ಎರಡು ಸಂಕೇತ ಕಳಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಕಂಟ್ರೋಲ್ ಯೂನಿಟ್ ಸಹಾಯವನ್ನೇ ನಿಲ್ಲಿಸಿ ದೀಪ ಹೊತ್ತಿಸುತ್ತದೆ. ಸ್ಟೀರಿಂಗಿಗೂ ಚಕ್ರಗಳಿಗೂ ಇರುವ ಕಬ್ಬಿಣದ ಕೊಂಡಿ ಮಾತ್ರ ಹಾಗೆಯೇ ಇರುತ್ತದೆ. ಕಾರು ತಿರುಗುತ್ತದೆ, ಆದರೆ ತೋಳಿಗೆ ಕೆಲಸ ಹೆಚ್ಚು.

ಮೊದಲು ಬ್ಯಾಟರಿ ನೋಡಿ

ದೀಪವಿಲ್ಲದೆ ಸ್ಟೀರಿಂಗ್ ಭಾರವಾಗಿದ್ದರೆ ಟೈರಿನ ಗಾಳಿ, ಅಲೈನ್‌ಮೆಂಟ್, ತುಕ್ಕು ಹಿಡಿದ ಕೀಲುಗಳನ್ನು ಮೊದಲು ನೋಡಬೇಕು. ಕಿರಿದಾದ ಜಾಗದಲ್ಲಿ ಕಾರು ನಿಲ್ಲಿಸಲು ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಬಾರಿ ತಿರುಗಿಸಿದರೂ ಮೋಟಾರು ಕಾದು ಸಹಾಯ ಕಡಿಮೆಯಾಗುತ್ತದೆ. ಅದು ರೋಗವಲ್ಲ, ರಕ್ಷಣೆ. ಆರಿದ ಮೇಲೆ ಸರಿಹೋಗುತ್ತದೆ.

ದೀಪ ಹೊತ್ತಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ. ನಿಂತ ಕಾರಿನ ಚಕ್ರ ತಿರುಗಿಸುವಾಗ ಈ ಮೋಟಾರು ಹತ್ತಾರು ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಎಂಜಿನ್ ನಿಂತಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಹಳೆಯ ಬ್ಯಾಟರಿ, ಬಿಳಿ ಪುಡಿ ಕಟ್ಟಿದ ಟರ್ಮಿನಲ್, ಸಡಿಲವಾದ ಅರ್ತ್ ತಂತಿ, ಇವುಗಳಲ್ಲಿ ಯಾವುದೊಂದಿದ್ದರೂ ಸೆನ್ಸರ್ ಮೇಲೆ ಅಪವಾದ ಬರುತ್ತದೆ.

ನಂತರ ಫ್ಯೂಸ್, ವಯರಿಂಗ್, ಕನೆಕ್ಟರ್. ಮಳೆಗಾಲದಲ್ಲಿ ನೀರು ನುಗ್ಗಿ ಪಿನ್ನುಗಳು ಹಸಿರುಗಟ್ಟುತ್ತವೆ. ದಿನಗಟ್ಟಲೆ ನಿಂತ ಕಾರಿನ ತಂತಿಗಳೆಂದರೆ ಇಲಿಗಳಿಗೆ ಹಬ್ಬ.

ಕೋಡ್ ಹೇಳುವುದೇನು?

ಮೂರನೆಯ ಹಂತ ಸ್ಕ್ಯಾನರ್. ಅಗ್ಗದ ಉಪಕರಣಗಳು ಬಹುತೇಕ ಎಂಜಿನ್ ಕೋಡ್‌ಗಳನ್ನಷ್ಟೇ ಓದುತ್ತವೆ. ಸ್ಟೀರಿಂಗ್ ಘಟಕವನ್ನು ಓದಬಲ್ಲದ್ದು ಬೇಕು. ‘ಟಾರ್ಕ್ ಸೆನ್ಸರ್ ಸರ್ಕ್ಯೂಟ್’ ಎಂದು ಕೋಡ್ ಬಂದೊಡನೆ ಸೆನ್ಸರ್ ಸತ್ತಿತೆಂದು ತೀರ್ಮಾನಿಸುವುದು ಆತುರ. ಸರ್ಕ್ಯೂಟ್ ಎಂದರೆ ಸೆನ್ಸರ್, ತಂತಿ, ಕನೆಕ್ಟರ್, ಕಂಟ್ರೋಲ್ ಯೂನಿಟ್ ಎಲ್ಲವೂ ಸೇರಿ.

ಜಾಣ ಮೆಕ್ಯಾನಿಕ್ ಚಕ್ರಗಳನ್ನು ನೇರ ನಿಲ್ಲಿಸಿ, ಸ್ಟೀರಿಂಗಿನಿಂದ ಕೈ ತೆಗೆದು ಸ್ಕ್ಯಾನರ್ ನೋಡುತ್ತಾನೆ. ಆಗ ಟಾರ್ಕ್ ಸೊನ್ನೆಯ ಆಸುಪಾಸಿನಲ್ಲಿರಬೇಕು. ಎಡಕ್ಕೂ ಬಲಕ್ಕೂ ಒಂದೇ ಸಮ ಬಲ ಹಾಕಿದರೆ ಎರಡು ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಅಳತೆ ಬರಬೇಕು. ಹಲವು ಹಳೆಯ ಮಾದರಿಗಳಲ್ಲಿ ಮೀಟರಿಟ್ಟು ನೋಡಿದರೆ ಎರಡೂ ಸಂಕೇತಗಳು 2.5 ವೋಲ್ಟ್ ಹತ್ತಿರ ನಿಲ್ಲುತ್ತವೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಸಂಕೇತ ಡಿಜಿಟಲ್ ಆಗಿರುವುದರಿಂದ ಸ್ಕ್ಯಾನರೇ ಗತಿ. ಅಳತೆ ನೋಡುತ್ತಲೇ ತಂತಿಯ ಕಟ್ಟನ್ನು ಮೆಲ್ಲಗೆ ಅಲುಗಿಸಿ: ಅಂಕಿ ಕುಣಿದರೆ ಕಳ್ಳ ತಂತಿಯಲ್ಲಿದ್ದಾನೆ. ತಂತಿ, ವಿದ್ಯುತ್, ಅರ್ತ್ ಎಲ್ಲ ಸರಿಯಿದ್ದೂ ಅಳತೆ ತಪ್ಪಿದ್ದರೆ ಮಾತ್ರ ಸೆನ್ಸರ್ ಮೇಲೆ ಕೈ ಹಾಕಬೇಕು.

ಸೆನ್ಸರ್ ನಿಜಕ್ಕೂ ಕೆಟ್ಟ ಉದಾಹರಣೆಗಳೂ ಇವೆ. 2014ರಲ್ಲಿ ಫೋರ್ಡ್ ಕಂಪನಿ ಉತ್ತರ ಅಮೆರಿಕದಲ್ಲಿ 9 ಲಕ್ಷಕ್ಕೂ ಹೆಚ್ಚು ಎಸ್ಕೇಪ್ ಮತ್ತು ಮ್ಯಾರಿನರ್ ವಾಹನಗಳನ್ನು ವಾಪಸು ಕರೆಸಿತು. ಕಾರಣ, ಕಾಲಮ್ಮಿನೊಳಗಿನ ಇದೇ ಟಾರ್ಕ್ ಸೆನ್ಸರ್. ಆದ್ದರಿಂದ ತಮ್ಮ ಕಾರಿಗೆ ಅಂಥ ಕರೆ ಇದೆಯೇ ಎಂದು ಮಾಲೀಕರು ಮೊದಲು ವಿಚಾರಿಸುವುದು ಲೇಸು. ಇದ್ದರೆ ಖರ್ಚು ಕಂಪನಿಯದು.

ಬದಲಿಸಿದರೆ ಸಾಲದು

ಹಲವು ಕಾರುಗಳಿಗೆ ಸೆನ್ಸರ್ ಬಿಡಿಯಾಗಿ ಸಿಗುವುದಿಲ್ಲ, ಕಾಲಮ್ ಸಮೇತವೇ ಕೊಳ್ಳಬೇಕು. ಗುಜರಿಯ ಕಾಲಮ್ ಅಗ್ಗ ನಿಜ. ಆದರೆ ಅಪಘಾತದಲ್ಲಿ ಪೆಟ್ಟು ತಿಂದದ್ದೋ ಏನೋ ಎಂಬುದು ಮೇಲ್ನೋಟಕ್ಕೆ ಕಾಣದು. ಹೊಸದನ್ನು ಜೋಡಿಸಿದ ಮೇಲೆ ಸ್ಕ್ಯಾನರಿನಿಂದ ‘ಸೊನ್ನೆ’ ಕಲಿಸುವುದು ಕಡ್ಡಾಯ. ಅದನ್ನು ಮರೆತರೆ ನೇರ ರಸ್ತೆಯಲ್ಲೂ ಕಾರು ಒಂದು ಕಡೆಗೆ ವಾಲುತ್ತದೆ. ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇರುವುದರಿಂದ, ಬ್ಯಾಟರಿ ಕಳಚಿ, ತಯಾರಕರು ಹೇಳಿದಷ್ಟು ಹೊತ್ತು ಕಾದು, ತರಬೇತಿ ಪಡೆದವರೇ ಬಿಚ್ಚಬೇಕು. ಇದು ಭಾನುವಾರದ ಮನೆಗೆಲಸವಲ್ಲ.

ಓಡುವಾಗಲೇ ಸಹಾಯ ನಿಂತರೆ? ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ವೇಗ ತಗ್ಗಿಸಿ, ರಸ್ತೆ ಬದಿಗೆ ತರಬೇಕು. ಗಾಬರಿಯಲ್ಲಿ ಕೀಲಿ ತಿರುಗಿಸಿ ಹೊರತೆಗೆದರೆ ಸ್ಟೀರಿಂಗ್ ಲಾಕ್ ಬಿದ್ದು ಪ್ರಾಣಕ್ಕೆ ಸಂಚಕಾರ.

ದೀಪ ತಾನಾಗಿ ಆರಿತೆಂದು ಸುಮ್ಮನಾಗುವವರೇ ಹೆಚ್ಚು. ಗೇಟಿನ ಬಳಿ ಬಿಗಿದ ಸ್ಟೀರಿಂಗ್ ಮುಂದಿನ ಬಾರಿ ಘಾಟಿಯ ತಿರುವಿನಲ್ಲಿ ಬಿಗಿಯಬಹುದು. ದೀಪ ಮೊದಲ ಬಾರಿ ಹೊತ್ತಿದ ದಿನವೇ ಬ್ಯಾಟರಿ ಟರ್ಮಿನಲ್ ನೋಡಿ, ಕೋಡ್ ಓದಿಸಿ, ಚೀಟಿಯಲ್ಲಿ ಬರೆದಿಟ್ಟುಕೊಂಡವರಿಗೆ ರಿಪೇರಿಯ ಅರ್ಧ ದಾರಿ ಸವೆದಂತೆಯೇ.