ಜೋಶಿಯವರ ರೈಲು, ನಮ್ಮ ನೆಪ

ನಮ್ಮ ಕಡೆ ಕ್ರೀಡಾಕೂಟದ ವೇದಿಕೆಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ: ಗದುಗಿನ ಹುಡುಗ ಸುನೀಲ್ ಜೋಶಿ ನಸುಕಿನಲ್ಲೇ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ಮರಳುತ್ತಿದ್ದರು. ‘ಛಲವಿದ್ದರೆ ಎಲ್ಲ ಆಗುತ್ತದೆ’ ಎಂದು ಭಾಷಣ ಮುಗಿಯುತ್ತದೆ. ನನ್ನ ತಕರಾರು ಇಲ್ಲೇ. ಛಲ ಅವರದು, ಸರಿ. ಆ ದೂರ ಯಾರ ತಪ್ಪು?

1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 6 ರನ್ನಿಗೆ 5 ವಿಕೆಟ್ ಕಿತ್ತದ್ದನ್ನು ಎಲ್ಲರೂ ಹೇಳುತ್ತಾರೆ. ಆಟ ಬಿಟ್ಟ ಮೇಲಿನದನ್ನು ಹೇಳುವವರು ಕಡಿಮೆ. ಅವರು ಕೋಚ್ ಆಗಿದ್ದಾಗ, 2014ರಲ್ಲಿ, ಪ್ರವಾಹದಲ್ಲಿ ನೊಂದ ಜಮ್ಮು-ಕಾಶ್ಮೀರ ತಂಡ ವಾಂಖೆಡೆಯಲ್ಲೇ ಮುಂಬೈಯನ್ನು ಸೋಲಿಸಿತು. 2000ದಲ್ಲಿ ಬಾಂಗ್ಲಾದೇಶದ ಮೊದಲ ಟೆಸ್ಟಿನಲ್ಲಿ ಅದರ ಎದುರು ಪಂದ್ಯಶ್ರೇಷ್ಠರಾದವರು, ಮುಂದೆ ಅದೇ ತಂಡಕ್ಕೆ ಸ್ಪಿನ್ ಕಲಿಸಿದರು. ಕಲಿಸುವವರು ಸಿಕ್ಕರೆ ಹಿಂದುಳಿದವರೂ ಗೆಲ್ಲುತ್ತಾರೆ ಎಂಬುದೇ ಇದರ ಪಾಠ.

ನಾವು ಪಾಠ ಬಿಟ್ಟು ಪ್ರಯಾಣ ಹಿಡಿದೆವು. ರೋಣದ ಕಡೆ ನಾನು ಓದಿದ ಶಾಲೆಯಲ್ಲಿ ಆಟದ ಮಾಸ್ತರರೇ ಇರಲಿಲ್ಲ; ಆಟದ ಪಿರಿಯಡ್ಡಿನಲ್ಲಿ ಗಣಿತ ನಡೆಯುತ್ತಿತ್ತು. ನರಗುಂದ, ಗಜೇಂದ್ರಗಡದ ಮಕ್ಕಳಿಗೆ ಹತ್ತಲು ಊರಲ್ಲಿ ರೈಲೂ ಇಲ್ಲ. ನಸುಕಿನಲ್ಲಿ ಒಬ್ಬಳೇ ಹೊರಡಬೇಕಾದ ಹುಡುಗಿಯ ಕಥೆಯಂತೂ ಹೊಸ್ತಿಲಲ್ಲೇ ಮುಗಿಯುತ್ತದೆ.

ಒಬ್ಬರು ಈಜಿ ದಾಟಿದರೆಂದು ಹೊಳೆಗೆ ಸೇತುವೆ ಬೇಡವೆನ್ನುವುದು ಯಾವ ನ್ಯಾಯ? ಭಾಷಣ ಸಾಕು. ತಾಲೂಕಿಗೊಬ್ಬ ಕೋಚ್ ಕೊಡಿ.